ಪಾಠಶಾಲೆಯ ಬಾಗಿಲು ಮುಚ್ಚಿದವರಾರು?

ನಮ್ಮ ಬಸದಿಯೊಂದರ ಭಾನುವಾರದ ಪಾಠಶಾಲೆಗೆ ಹುಟ್ಟಿನಿಂದ ದೃಷ್ಟಿಯಿಲ್ಲದ ನಾಲ್ಕು ವರ್ಷದ ಬಾಲಕಿಯನ್ನು ಸೇರಿಸಿಕೊಳ್ಳಲಿಲ್ಲ. ಉಳಿದ ಮಕ್ಕಳಿಗೆ ಅಡ್ಡಿಯಾಗುವುದೆಂಬುದು ಹೇಳಿದ ಕಾರಣ. ತಾಯಿ ಹೊರಟ ಮೇಲೆ ಆಡಿದ ಮಾತು ಬೇರೆ: "ಅವಳ ಪೂರ್ವಕರ್ಮ, ನಾವೇನು ಮಾಡಲಾದೀತು?"

ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುವವನಲ್ಲ. ದೇಹರಚನೆ ನಾಮಕರ್ಮದ ಫಲವೆಂದು ಒಪ್ಪಿಯೇ ಕೇಳುತ್ತೇನೆ: ಆ ಮಗುವನ್ನು ಹೊರಗಿಟ್ಟದ್ದು ಯಾರ ಕರ್ಮ? ಕಣ್ಣಿಲ್ಲದಿರುವುದು ಅವಳ ಕರ್ಮೋದಯವಾಗಿರಬಹುದು. ಒಡನಾಡಿಗಳಿಲ್ಲದಿರುವುದು ನಮ್ಮ ಕೃತ್ಯ. ತಮ್ಮ ಕಣ್ಣು ಮಂಜಾದಾಗ ಕರ್ಮಫಲವೆಂದು ಸುಮ್ಮನಿದ್ದು ಕನ್ನಡಕ ಕೊಳ್ಳದ ಧರ್ಮದರ್ಶಿಗಳನ್ನು ನಾನಂತೂ ಕಂಡಿಲ್ಲ.

ಅಂಧ ಶಿಶುಗಳನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಸೆಲ್ಮಾ ಫ್ರೈಬರ್ಗ್ ಅವರ ಗ್ರಂಥ 1977ರಲ್ಲಿ ಪ್ರಕಟವಾಯಿತು. ಕಣ್ಣುಳ್ಳ ಕೂಸು ತಾಯಿಯ ಮುಖ ಕಂಡು ನಗುತ್ತದೆ, ತಾಯಿ ಮರುನಗುತ್ತಾಳೆ, ಹೀಗೆ ಮಮತೆ ಬಲಿಯುತ್ತದೆ. ಅಂಧ ಕೂಸು ತಾಯಿಯ ದನಿಗೆ ನಗುವುದುಂಟು. ಆದರೆ ಅಷ್ಟು ನಿಯತವಾಗಿ ಅಲ್ಲ, ಮುಖದಲ್ಲಿ ಭಾವವೂ ಕಡಿಮೆ. ಸದ್ದು ಕೇಳಿದರೆ ಅಲುಗದೆ ಸ್ತಬ್ಧವಾಗುತ್ತದೆ. ಅದು ಆಲಿಸುತ್ತಿರುತ್ತದೆ, ಮನೆಯವರು ಅದಕ್ಕೆ ಯಾರೂ ಬೇಡವೆಂದು ಭಾವಿಸುತ್ತಾರೆ. ಮುಖವನ್ನಲ್ಲ, ಕೈಗಳನ್ನು ನೋಡಿರೆಂದು ಆಕೆ ತಾಯಂದಿರಿಗೆ ಕಲಿಸಿದರು. ಆ ಪುಟ್ಟ ಬೆರಳುಗಳು ತಾಯಿಯನ್ನೇ ಅರಸುತ್ತಿದ್ದವು.

ನಾಲ್ಕರ ವಯಸ್ಸಿನಲ್ಲಿ ಇದೇ ತಪ್ಪು ಓರಗೆಯವರ ನಡುವೆ ಮರುಕಳಿಸುತ್ತದೆ. ಆಟಕ್ಕೆ ಕರೆಯುವುದು ಕಣ್ಸನ್ನೆಯಿಂದ. ಅದು ಕಾಣದವಳು ಮೂಲೆಯಲ್ಲಿ ಕುಳಿತರೆ ಅವಳಿಗೆ ಗೆಳೆತನ ಬೇಡವೆಂದು ತೀರ್ಮಾನ. ಹೆಸರು ಹಿಡಿದು ಕರೆದು ಕೈ ಹಿಡಿಯುವ ಒಬ್ಬ ಗೆಳತಿ ಸಾಕು. ಸರದಿ ಕಾಯುವುದನ್ನು, ಜಗಳವಾಡಿ ಮತ್ತೆ ಕೂಡುವುದನ್ನು ಯಾವ ತಾಯಿಯೂ ಒಬ್ಬಳೇ ಕಲಿಸಲಾರಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿರುವುದು 6ರಿಂದ 18 ವರ್ಷದವರಿಗೆ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಅವಳನ್ನು ಕರೆಯಬೇಕಾದವರು ನಾವು.

ಇನ್ನು ಅಡ್ಡಿಯ ಮಾತು. ಪಂಚನಮಸ್ಕಾರ ಮಂತ್ರವನ್ನು ನಮ್ಮ ಮಕ್ಕಳು ಕಲಿಯುವುದು ಕಿವಿಯಿಂದಲೇ ಅಲ್ಲವೇ? ನಮ್ಮ ಆಗಮಕ್ಕೇ 'ಶ್ರುತ'ವೆಂದು ಹೆಸರು. ಅದೇ ಪಾಠಶಾಲೆಯಲ್ಲಿ, ರೋಗಿ ಮುನಿಯನ್ನು ಹೇಸದೆ ಉಪಚರಿಸಿದ ಉದ್ದಾಯನ ರಾಜನ ಕಥೆಯಿಂದ ಸಮ್ಯಗ್ದರ್ಶನದ ನಿರ್ವಿಚಿಕಿತ್ಸಾ ಅಂಗವನ್ನೂ ಬೋಧಿಸುತ್ತಾರೆ. ಮಹಾವೀರ ಜಯಂತಿಯಂದು ಅಂಧರ ಶಾಲೆಗೆ ಹಣ್ಣು ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ.

ಆ ಬಾಲಕಿಯ ಮನೆ ಬಸದಿಯಿಂದ ಎರಡು ಬೀದಿಗಳಾಚೆ ಇದೆ. ಬರುವ ಭಾನುವಾರ ಆಡಳಿತ ಮಂಡಳಿಯವರೇ ಹೋಗಿ ಕರೆತರಲಿ.