ಹಿಮನದಿ ಬಿಟ್ಟುಹೋದ ಮಣ್ಣು: ಭೂಕಂಪ ಲೆಕ್ಕದ ಮೂರನೆಯ ಪ್ರಶ್ನೆ

ಭೂಕಂಪದ ಅಪಾಯ ಅಂದಾಜಿಸುವಾಗ ತೀವ್ರತೆ ಎಷ್ಟು, ಕೇಂದ್ರ ಎಷ್ಟು ದೂರ ಎಂಬ ಎರಡು ಪ್ರಶ್ನೆಗಳೇ ಸಾಮಾನ್ಯವಾಗಿ ಮುಂದೆ ಬರುತ್ತವೆ. ಕಟ್ಟಡ ಯಾವ ಮಣ್ಣಿನ ಮೇಲೆ ನಿಂತಿದೆ ಎಂಬ ಮೂರನೆಯ ಪ್ರಶ್ನೆಯೂ ಅಷ್ಟೇ ನಿರ್ಣಾಯಕ ಎಂಬುದಕ್ಕೆ ಪೂರ್ವ ಕೆನಡಾ ಸಾಕ್ಷಿ.

1988ರ ನವೆಂಬರ್ 25ರಂದು ಕ್ವಿಬೆಕ್ ಪ್ರಾಂತ್ಯದ ಸಾಗ್ನೇ ಪ್ರದೇಶದಲ್ಲಿ 5.9 ತೀವ್ರತೆಯ ಭೂಕಂಪ ಸಂಭವಿಸಿತು. ಕೇಂದ್ರದಿಂದ ಸುಮಾರು 350 ಕಿ.ಮೀ. ದೂರದಲ್ಲಿದ್ದ ಪೂರ್ವ ಮಾಂಟ್ರಿಯಲ್ ಪುರಭವನದ ಹೊರಗೋಡೆಗೆ ಹಾನಿಯಾಯಿತು. ದೂರ ಕಟ್ಟಡವನ್ನು ಕಾಯಲಿಲ್ಲ. ಅಡಿಪಾಯದ ಕೆಳಗಿದ್ದ ಮೆದು ಜೇಡಿಮಣ್ಣು ಕಂಪನವನ್ನು ಹಿಗ್ಗಿಸಿತ್ತು.

ಈ ಮಣ್ಣು ಹಿಮಯುಗದ ಬಳುವಳಿ. ಹಿಮರಾಶಿಯ ಭಾರಕ್ಕೆ ಕುಸಿದಿದ್ದ ನೆಲಕ್ಕೆ, ಹಿಮ ಹಿಂದೆ ಸರಿದಾಗ ಸಮುದ್ರ ನುಗ್ಗಿತು. ಹಿಮನದಿ ಅರೆದ ಬಂಡೆಯ ನುಣ್ಣನೆಯ ಪುಡಿ ಉಪ್ಪುನೀರಿನ ತಳದಲ್ಲಿ ಸಂಚಯಗೊಂಡಿತು. 'ಲೀಡಾ ಜೇಡಿ' ಎಂದು ಹೆಸರಾದ ಈ ಪದರ ಒಟ್ಟಾವಾ ಕಣಿವೆಯಲ್ಲಿ ವ್ಯಾಪಕವಾಗಿದೆ. ಕಾಲಕ್ರಮೇಣ ಉಪ್ಪು ತೊಳೆದುಹೋದ ಕಡೆ ಅದು ಇನ್ನಷ್ಟು ದುರ್ಬಲ. ಅಲುಗಿದರೆ ದ್ರವದಂತೆ ಹರಿಯಬಲ್ಲದು.

ಅಪಾಯದ ಲೆಕ್ಕ ಸರಳ. 15 ಮೀಟರ್ ದಪ್ಪದ ಜೇಡಿಯಲ್ಲಿ ಕಂಪನದ ಅಡ್ಡ ಅಲೆ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಸಾಗುವುದಾದರೆ, ಆ ಪದರದ ಒಂದು ತೂಗಾಟಕ್ಕೆ 0.4 ಸೆಕೆಂಡು ಬೇಕು. ನಾಲ್ಕಂತಸ್ತಿನ ಕಟ್ಟಡದ ಸಹಜ ತೂಗಾಟವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕೂಡಿದಾಗ ಅಲುಗಾಟ ಉಲ್ಬಣಿಸುತ್ತದೆ. ಜೇಡಿಯ ದಪ್ಪ ಬದಲಾದರೆ ಅಪಾಯಕ್ಕೊಳಗಾಗುವ ಕಟ್ಟಡದ ಎತ್ತರವೂ ಬದಲಾಗುತ್ತದೆ. ಆದ್ದರಿಂದಲೇ ಇಡೀ ನಗರಕ್ಕೆ ಒಂದೇ ಅಂಕಿ ಸಾಲದು, ಬಡಾವಣೆವಾರು ನಕ್ಷೆ ಬೇಕು.

ಕೆನಡಾದ 2005ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಮೇಲಿನ 30 ಮೀಟರ್ ನೆಲದಲ್ಲಿ ಅಲೆಯ ಸರಾಸರಿ ವೇಗವನ್ನು ಆಧರಿಸಿ ನಿವೇಶನಗಳನ್ನು ವರ್ಗೀಕರಿಸಿತು. ಆದರೆ ಇಂತಹ ನಿಯಮ ಮುಖ್ಯವಾಗಿ ಹೊಸ ಕಟ್ಟಡಗಳಿಗೆ. ಬಂಡೆಯ ಮೇಲೆ ನಿಂತಿರುವ ಒಟ್ಟಾವಾ ಸಂಸತ್ ಭವನದ ಮುಖ್ಯ ಕಟ್ಟಡಕ್ಕೆ, ನವೀಕರಣದ ಭಾಗವಾಗಿ, ಕಂಪನ ತಡೆಯುವ ಆಧಾರಗಳನ್ನು ಅಳವಡಿಸುವ ಯೋಜನೆಯಿದೆ. ಜೇಡಿಯ ಮೇಲಿನ ಹಳೆಯ ಇಟ್ಟಿಗೆ ಮನೆಗಳಿಗೆ ಅಂತಹ ಭಾಗ್ಯ ಸುಲಭವಲ್ಲ.

ಮುನ್ನೆಚ್ಚರಿಕೆ ಫಲ ಕೊಡುತ್ತದೆ ಎಂಬುದಕ್ಕೂ ಅಲ್ಲಿಯೇ ನಿದರ್ಶನವಿದೆ. ನೆಲ ಅಪಾಯಕಾರಿ ಎಂದು ಪರೀಕ್ಷೆಯಿಂದ ತಿಳಿದ ಬಳಿಕ ಒಂಟಾರಿಯೊದ ಲೆಮ್ಯೂ ಗ್ರಾಮವನ್ನು 1991ರ ವೇಳೆಗೆ ತೆರವುಗೊಳಿಸಲಾಯಿತು. 1993ರ ಜೂನ್‌ನಲ್ಲಿ, ಭೂಕಂಪವಿಲ್ಲದೆಯೇ, ಅಲ್ಲಿನ ಜೇಡಿ ನೆಲ ಕುಸಿದು ನದಿಗೆ ಜಾರಿತು. ಜೀವಹಾನಿಯಾಗಲಿಲ್ಲ. ಮಣ್ಣನ್ನು ಮೊದಲೇ ಅರಿತದ್ದರ ಬೆಲೆ ಅಂದು ತಿಳಿಯಿತು.