ನೀರು ಇಳಿದ ಮೇಲೆ ಸಾಲ ಏರಬಾರದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದರೆ ಕರಾವಳಿಯ ನಮ್ಮ ಓದುಗರಿಗೆ ಕೊಬ್ಬರಿ ನೆನಪಾಗುತ್ತದೆ, ನೆರೆ ಅಲ್ಲ. ನೆರೆ ಅಂದರೆ ನಮಗೆ ನೇತ್ರಾವತಿ. ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರ ಬಾಯಲ್ಲಿ 1974ರ ನೀರು, ಅದಕ್ಕೂ ಹಿಂದಿನ 1923ರ ನೀರು ಇನ್ನೂ ಹರಿಯುತ್ತಲೇ ಇದೆ. ಬಯಲುಸೀಮೆಯ ಕಥೆ ಬೇರೆ. ಅಲ್ಲಿ ಕೆರೆ ಕೋಡಿ ಬೀಳುತ್ತದೆ. 2022ರ ಮಳೆಗೆ ತುಮಕೂರು ಜಿಲ್ಲೆಯ ಕೆರೆಗಳು ತುಂಬಿ ಹರಿದಾಗ, ಬರವನ್ನೇ ಕಂಡು ಬೆಳೆದ ಊರುಗಳ ತಗ್ಗಿನ ಮನೆಗಳಿಗೂ ನೀರು ನುಗ್ಗಿತು. ಕೆರೆ ತುಂಬಿದ್ದಕ್ಕೆ ಊರೆಲ್ಲ ಬಾಗಿನ ಕೊಡುವ ಸಂಭ್ರಮದಲ್ಲಿದ್ದರೆ, ಹಳ್ಳದ ದಾರಿಯಲ್ಲಿ ಸೈಟು ಕೊಂಡು ಮನೆ ಕಟ್ಟಿದ ಬಡವ ಚಾಪೆ ಹಿಂಡುತ್ತಾ ಕೂತಿರುತ್ತಾನೆ. ಸೈಟು ಮಾರಿದವರು ಆ ದಿನ ಕಣ್ಣಿಗೆ ಬೀಳುವುದಿಲ್ಲ.

ನೀರು ಎರಡು ಮೂರು ದಿನದಲ್ಲಿ ಇಳಿಯುತ್ತೆ. ಆಮೇಲಿನ ವಾರವೇ ನಮಗೆ ಹೆಚ್ಚು ಭಯ. ಹಾಸಿಗೆ ಹೋಯ್ತು, ಫ್ರಿಜ್ ಹೋಯ್ತು, ಅಕ್ಕಿ ನೆನೆಯಿತು, ಮಕ್ಕಳ ಪುಸ್ತಕ ಒದ್ದೆಯಾಯಿತು. ಮೊದಲು ಹೆಂಗಸರ ಕೊರಳಿನ ಚಿನ್ನ ಅಡವಿಗೆ ಹೋಗುತ್ತದೆ, ಅದು ಸಾಲದಿದ್ದರೆ ಗುಂಪಿನ ಸಾಲ, ವಾರದ ಕಂತು. ಬಡ್ಡಿ ಹರಾಮ್ ಅಂತ ಮದರಸದಲ್ಲಿ ನಾವು ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಗುವಿನ ಉಮ್ಮ ಮನೆಯಲ್ಲಿ ನಾಳೆಯ ಕಂತಿಗೆ ದುಡ್ಡು ಹೊಂದಿಸ್ತಾ ಇರ್ತಾರೆ. ಅವರನ್ನು ಬೈಯುವುದು ಸುಲಭ. ಬೇರೆ ದಾರಿ ತೋರಿಸಿದವರು ಎಷ್ಟು ಮಂದಿ? ಕಂತು ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದರೆ ಸಂಕಟ ಎಷ್ಟಿದೆ ಅಂತ ಊಹಿಸಬಹುದು.

ಸಾಲಕ್ಕೆ ಸಹಿ ಹಾಕುವ ಮೊದಲು ನಿಮಗೆ ಬರಬೇಕಾದ ಹಣ ಯಾವುದು ಅಂತ ನೋಡಿ. ಒಂದು, ಸರಕಾರದ ಪರಿಹಾರ. ಈ ಮೊತ್ತ ಒಂದೊಂದು ವರ್ಷ ಒಂದೊಂದು ರೀತಿ. 2019ರ ನೆರೆಯಲ್ಲಿ ರಾಜ್ಯ ಸರಕಾರ ನೀರು ನುಗ್ಗಿದ ಕುಟುಂಬಕ್ಕೆ 10 ಸಾವಿರ, ಪೂರ್ತಿ ಹೋದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. 2022ರಿಂದ ಜಾರಿಗೆ ಬಂದ ಕೇಂದ್ರದ ಮಾನದಂಡದಲ್ಲಿ ಬಯಲು ಪ್ರದೇಶದ ಪೂರ್ತಿ ಹಾಳಾದ ಮನೆಗೆ 1.20 ಲಕ್ಷ, ಭಾಗಶಃ ಹಾಳಾದ ಪಕ್ಕಾ ಮನೆಗೆ 6,500 ರೂಪಾಯಿ ಮಾತ್ರ. ವ್ಯತ್ಯಾಸ ನೋಡಿದಿರಲ್ಲ? ಎಲ್ಲವೂ ನಿಂತಿರುವುದು ಪರಿಶೀಲನೆಗೆ ಬಂದ ಅಧಿಕಾರಿ ಎಷ್ಟು ಶೇಕಡಾ ಹಾನಿ ಅಂತ ಬರೆಯುತ್ತಾರೆ ಎನ್ನುವುದರ ಮೇಲೆ. ಅವರು ಬರುವ ದಿನ ಮನೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಕೆಸರು ತೊಳೆಯುವ ಮೊದಲು ಫೋಟೋ ತೆಗೆಯಿರಿ, ಗೋಡೆಯ ಮೇಲಿನ ನೀರಿನ ಗೆರೆ ಕಾಣುವ ಹಾಗೆ. ಮನೆ ಚೊಕ್ಕಟ ಇರಬೇಕು ಅನ್ನುವುದು ನಮ್ಮ ಹೆಂಗಸರ ಹಠ, ಒಳ್ಳೆಯದೇ. ಆ ಒಂದು ದಿನ ಮಾತ್ರ ತಡೆಯಬೇಕು.

ಎರಡನೆಯದು ವಿಮೆ. ಇಲ್ಲಿ ಗೊಂದಲ ಜಾಸ್ತಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವುದು ಅಪಘಾತ ವಿಮೆಗೆ, 436 ರೂಪಾಯಿ ಜೀವ ವಿಮೆಗೆ. ಎರಡೂ ಮನೆಗೆ ನೀರು ಬಂದರೆ ಏನೂ ಕೊಡುವುದಿಲ್ಲ. ಮನೆಗೆಂದೇ ಇರುವುದು ‘ಭಾರತ್ ಗೃಹ ರಕ್ಷಾ’ ಪಾಲಿಸಿ, 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪ್ರವಾಹವೂ ಅದರಲ್ಲಿ ಸೇರಿದೆ. ಕಟ್ಟಡಕ್ಕೆ ಮಾಡಿಸಿದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನಿಗೂ ರಕ್ಷಣೆ ಸಿಗುತ್ತದೆ. ಮನೆ ಸಾಲ ಪಡೆದವರು ಬ್ಯಾಂಕಿಗೆ ಹೋಗಿ ವಿಚಾರಿಸಿ. ಸಾಲ ಕೊಡುವಾಗಲೇ ಮನೆಗೆ ವಿಮೆ ಮಾಡಿಸಿರುವುದುಂಟು, ಕಂತು ಕಟ್ಟುವವರಿಗೇ ಅದು ಗೊತ್ತಿರುವುದಿಲ್ಲ. ಕೆಲವೊಮ್ಮೆ ಅದು ಸಾಲಗಾರನ ಜೀವದ ಮೇಲಿನ ವಿಮೆ ಮಾತ್ರ ಆಗಿರುತ್ತೆ. ಅದನ್ನೂ ಕೇಳಿ ಖಚಿತ ಮಾಡಿಕೊಳ್ಳಿ.

ತೆಂಗಿನ ಸೀಮೆಗೆ ಇನ್ನೊಂದು ತೊಡಕಿದೆ. ಇಲ್ಲಿ ಮನೆಯೇ ಗೋಡೌನು. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿ ಉಂಡೆ ಕೊಬ್ಬರಿ ಆಗುತ್ತದೆ. ಅಟ್ಟದ ಕಾಯಿಗೆ ನೀರು ತಾಕದಿರಬಹುದು, ಆದರೆ ಸುಲಿದು ಚೀಲ ತುಂಬಿ ನೆಲದಲ್ಲಿಟ್ಟ ಕೊಬ್ಬರಿಗೆ ಬೂಷ್ಟು ಹಿಡಿದರೆ ಮಂಡಿಯಲ್ಲಿ ಕೇಳುವವರಿಲ್ಲ. 2024ರ ಬೆಂಬಲ ಬೆಲೆ ಕ್ವಿಂಟಲಿಗೆ 12 ಸಾವಿರದ ಲೆಕ್ಕದಲ್ಲೇ ಹತ್ತು ಕ್ವಿಂಟಲ್ ಅಂದರೆ 1.20 ಲಕ್ಷ. ಮನೆ ವಿಮೆ ಇದಕ್ಕೆ ಹೊಂದುವುದಿಲ್ಲ. ಮಾರಾಟಕ್ಕಿಟ್ಟ ಸರಕು ಮನೆ ಸಾಮಾನು ಅಲ್ಲ ಅನ್ನುತ್ತಾರೆ. ಸಣ್ಣ ವ್ಯಾಪಾರಿಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಅಂತ ಬೇರೆಯೇ ಪಾಲಿಸಿ ಇದೆ. ಮನೆಯಲ್ಲೇ ದಾಸ್ತಾನು ಇಡುವವರು ಪಾಲಿಸಿ ಮಾಡಿಸುವಾಗಲೇ ಅದನ್ನು ಬಾಯಿಬಿಟ್ಟು ಹೇಳಿ, ಬರೆಸಬೇಕು.

ಅಂಗಳದಲ್ಲಿ ನೀರಲ್ಲಿ ನಿಂತ ಬೈಕು, ಆಟೋ, ಗೂಡ್ಸ್ ಗಾಡಿಯನ್ನು ಸ್ಟಾರ್ಟ್ ಮಾಡ್ಲೇಬೇಡಿ. ಇಂಜಿನ್ನಿಗೆ ನೀರು ಹೋಗಿ ಕೆಟ್ಟರೆ ಕ್ಲೇಮು ತಿರಸ್ಕಾರವಾಗುವ ಸಾಧ್ಯತೆ ಇದೆ. ಕಂಪೆನಿಗೆ ಕೂಡಲೇ ತಿಳಿಸಿ, ಸರ್ವೇಯರ್ ನೋಡುವ ತನಕ ಹಾಳಾದ ಸಾಮಾನು ಎಸೆಯಬೇಡಿ. ಕ್ಲೇಮು ತಿರಸ್ಕರಿಸಿದರೆ, ಅಥವಾ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಒಂದು ವರ್ಷದೊಳಗೆ ಹೋಗಬೇಕು.

ವಿಮೆ ಜಾಯಿಝಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ, ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ನಮ್ಮ ದೇಶದ ಪರಿಸ್ಥಿತಿ ನೋಡಿ ರಿಯಾಯಿತಿ ಕೊಟ್ಟ ಉಲಮಾಗಳೂ ಇದ್ದಾರೆ. ಫತ್ವಾ ಕೊಡುವುದು ಈ ಪುಟದ ಕೆಲಸವಲ್ಲ, ನಿಮ್ಮ ಖತೀಬರಲ್ಲಿ ಕೇಳಿ. ಆದರೆ ವಿಮೆ ಬೇಡ ಅನ್ನುವ ಜಮಾಅತ್ ಆ ಜಾಗದಲ್ಲಿ ಏನನ್ನು ಇಡುತ್ತದೆ ಅಂತಲೂ ಹೇಳಬೇಕಲ್ವಾ? ಬೇಡ ಅಂದು ಸುಮ್ಮನಿದ್ದರೆ ಆ ಮನೆಯವರು ಹೋಗುವುದು ಬಡ್ಡಿಯ ಅಂಗಡಿಗೇ.

ಝಕಾತ್‌ಗೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು. ರಮಝಾನ್‌ನಲ್ಲಿ ಹಂಚಿ ಮುಗಿಸುವ ಬದಲು ಒಂದು ಪಾಲನ್ನು ಅವರಿಗಾಗಿ ಹೇಗೆ ತಲುಪಿಸಬಹುದು ಎಂದು ಉಸ್ತಾದರನ್ನು ಕೂರಿಸಿ ಚರ್ಚಿಸಲಿ. ಅದರ ಹೊರತಾಗಿ ಬಡ್ಡಿಯಿಲ್ಲದ ಸಾಲಕ್ಕೆ ಒಂದು ನಿಧಿ ಬೇಕು. ಹಾಲ್‌ಗೆ ಟೈಲ್ಸ್ ಹಾಕಲು ಲಕ್ಷಗಟ್ಟಲೆ ಕೂಡಿಸುವ ಕಮಿಟಿಗಳಿಗೆ ಇದು ಕಷ್ಟವಲ್ಲ. ದುಡ್ಡಿಗಿಂತ ಮೊದಲು ಬೇಕಾದದ್ದು ತಾಲೂಕು ಕಚೇರಿಯ ಅರ್ಜಿ, ಕ್ಲೇಮಿನ ಫಾರ್ಮು ತುಂಬಿಸಿಕೊಡುವ ಇಬ್ಬರು ಹುಡುಗರು. ಪಿಯುಸಿ ಮುಗಿಸಿದವರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಮರ್ಯಾದೆಗೆ ಅಂಜಿ ಕೇಳದೆ ಕೂತ ಮನೆಗಳಿಗೆ ಅವರೇ ಹೋಗಲಿ. ಕಿಟ್ ಕೊಡುವಾಗ ಫೋಟೋ ತೆಗೆದು ಗ್ರೂಪಿಗೆ ಹಾಕುವ ಚಾಳಿ ಮಾತ್ರ ಬೇಡ.

ಮಳೆಗಾಲಕ್ಕೆ ಮುಂಚೆ ಒಂದು ಜುಮಾದ ನಂತರ ಅರ್ಧ ಗಂಟೆ ಕೂತರೆ ಸಾಕು. ಯಾವ ಮನೆಗಳು ತಗ್ಗಿನಲ್ಲಿವೆ, ಯಾರ ಮನೆಯ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ ಅಂತ ಒಂದು ಪಟ್ಟಿಯಾಗಲಿ. ಮನೆ ಪತ್ರ, ಕಂದಾಯ ರಶೀದಿ, ಪಾಲಿಸಿ, ಪಾಸ್‌ಬುಕ್‌ಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟದ ಮೇಲಿಡಲು ಮನೆಯವರಿಗೆ ಇಂದೇ ಹೇಳಿ.