ಮನೆ ಬಾಡಿಗೆಗೆ ಕೊಡುವ ಶ್ರಮಜೀವಿಗಳಿಗೆ

ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಮ್ಮ ದಾವಣಗೆರೆಯಲ್ಲಿ ಈಗ ಹೊಸ ಬಗೆಯ ಮನೆಯೊಡೆಯರು ಕಾಣಿಸಿಕೊಂಡಿದ್ದಾರೆ. ಇವರು ಸಾಹುಕಾರರಲ್ಲ. ಜೀವಮಾನವೆಲ್ಲ ದುಡಿದು ಉಳಿಸಿದ ಹಣಕ್ಕೆ ಸೊಸೈಟಿಯ ಸಾಲವನ್ನು ಕೂಡಿಸಿ ಮನೆಯ ಮೇಲೊಂದು ಕೋಣೆ ಎಬ್ಬಿಸಿದ ಕಾರ್ಮಿಕರು. ಅಂಗಡಿಯ ಹಿಂದಿನ ಜಾಗದಲ್ಲಿ ಒಂದು ಪುಟ್ಟ ಬಿಡಾರ ಕಟ್ಟಿಸಿದ ಸಣ್ಣ ವ್ಯಾಪಾರಿಗಳು. ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಿಗೆ ಬರುವ ಹುಡುಗರಿಗೆ ಸೂರು ಬೇಕು. ಅಕ್ಕಿ ಗಿರಣಿಗೆ, ಮಂಡಕ್ಕಿ ಭಟ್ಟಿಗೆ ಕೂಲಿ ಅರಸಿ ಬರುವ ಸಂಸಾರಗಳಿಗೂ ಸೂರು ಬೇಕು. ಹೀಗಾಗಿ ನಿನ್ನೆಯವರೆಗೆ ವಠಾರದಲ್ಲಿ ಬಾಡಿಗೆ ತೆತ್ತು ಬಾಳಿದವನು ಇಂದು ಮೊದಲ ಬಾರಿಗೆ ಬಾಡಿಗೆ ಎಣಿಸಿಕೊಳ್ಳುವವನಾಗಿದ್ದಾನೆ.

ನಮ್ಮ ಪಕ್ಷದ ಸದಸ್ಯರಲ್ಲಿಯೂ ಇಂಥವರಿದ್ದಾರೆ. ಅವರಲ್ಲಿ ಕೆಲವರು ನಮ್ಮನ್ನು ಅರ್ಧ ತಮಾಷೆಗೆ, ಅರ್ಧ ಅಂಜಿಕೆಯಿಂದ ಕೇಳುವುದುಂಟು: "ಉಳುವವನೇ ಹೊಲದೊಡೆಯ ಎಂದು ಸಾರಿದವರು ನೀವು. ನಾಳೆ ನಮ್ಮ ಕೋಣೆಯಲ್ಲಿ ಇರುವವನೇ ಅದರ ಒಡೆಯ ಎನ್ನುತ್ತೀರೇನು?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಡಾ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟಕ್ಕೆ ಕಿಡಿ ತಾಗಿದ್ದು ಗೇಣಿ ಭತ್ತವನ್ನು ಅಳೆಯುವ ಕೊಳಗದ ವಿಚಾರದಲ್ಲಿ. ಒಡೆಯರು ಅಳೆದುಕೊಳ್ಳುತ್ತಿದ್ದ ಕೊಳಗ ದೊಡ್ಡದು. ಅಳತೆ ನ್ಯಾಯವಾಗಿರಲಿ ಎಂದು ರೈತರು ಕೇಳಿದರು. ಮುಂದೆ 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ಶಾಸನ ಜಾರಿಗೆ ಬಂದು ಗೇಣಿದಾರರು ಭೂಮಿಯ ಒಡೆತನಕ್ಕೆ ಹಕ್ಕುದಾರರಾದರು. ನೇಗಿಲು ಮುಟ್ಟದವನು ಉತ್ತವನ ಬೆವರಿನಲ್ಲಿ ತಲೆತಲಾಂತರದಿಂದ ಪಾಲು ಪಡೆಯುತ್ತಿದ್ದುದು ಅನ್ಯಾಯವಾಗಿತ್ತು. ಸ್ವಂತ ದುಡಿಮೆಯ ಉಳಿತಾಯವನ್ನು ಇಟ್ಟಿಗೆ ಸಿಮೆಂಟಿಗೆ ಹಾಕಿ, ತಿಂಗಳು ತಿಂಗಳು ಸಾಲದ ಕಂತು ಕಟ್ಟುತ್ತಿರುವ ಕಾರ್ಮಿಕನು ಒಂದು ಕೋಣೆಗೆ ಬಾಡಿಗೆ ಪಡೆಯುವುದು ಆ ಜಾತಿಯ ಅನ್ಯಾಯವಲ್ಲ. ಆದರೆ ಈಗ ಅವನ ಕೈಗೂ ಒಂದು ಕೊಳಗ ಬಂದಿದೆ. ಅದು ಸರಿಯಳತೆಯದೇ ಎಂಬುದನ್ನು ಅವನು ನೋಡಿಕೊಳ್ಳಬೇಕು.

ಮೊದಲನೆಯದು ಮುಂಗಡದ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಬೆಳೆಯಿತು. ಅದನ್ನು ನೋಡಿ ನಮ್ಮ ಊರುಗಳೂ ಆಸೆಪಡುತ್ತಿವೆ. ನಾಲ್ಕು ಸಾವಿರದ ಬಾಡಿಗೆಗೆ ನಲವತ್ತು ಸಾವಿರ ಮುಂಗಡವೆಂದರೆ, ಹಮಾಲಿ ಮಾಡುವವನು ಅದನ್ನು ಎಲ್ಲಿಂದ ತರಬೇಕು? ಬಡ್ಡಿಗೆ ತರುತ್ತಾನೆ. ನಮ್ಮ ಮನೆಗೆ ಕಾಲಿಡುವ ಮೊದಲೇ ಅವನನ್ನು ಲೇವಾದೇವಿಯವನ ಮನೆಗೆ ಕಳುಹಿಸಿದಂತಾಯಿತು. ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಹೇಳಿದೆ. ರಾಜ್ಯಗಳು ಶಾಸನ ಮಾಡಿಕೊಂಡಲ್ಲದೆ ಅದಕ್ಕೆ ಬಲವಿಲ್ಲ, ನಿಜ. ನ್ಯಾಯವಾಗಿ ನಡೆಯಲು ನಮಗೆ ಶಾಸನವೇ ಬರಬೇಕೆ? ಪಡೆದ ಮುಂಗಡ ಪರರ ಹಣ. ಅದನ್ನು ಮಗಳ ಮದುವೆಗೆ ಖರ್ಚು ಮಾಡಿ, ಬಾಡಿಗೆದಾರ ಬಿಟ್ಟುಹೋಗುವ ದಿನ ಸುಣ್ಣಬಣ್ಣದ ನೆಪ ಹೇಳುವುದು ಸಭ್ಯತೆಯಲ್ಲ. ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಬೇರೆ ಖಾತೆಯಲ್ಲಿಡಿ.

ಭೋಗ್ಯಕ್ಕೆ ಕೊಡುವವರಿಗೆ ಇದನ್ನು ಇನ್ನೂ ಒತ್ತಿ ಹೇಳಬೇಕಾಗಿದೆ. ಬಾಡಿಗೆಯಿಲ್ಲದೆ ಲಕ್ಷಗಟ್ಟಲೆ ಹಣ ಒಮ್ಮೆಗೇ ಕೈಗೆ ಬಂದಾಗ ಅದು ಆದಾಯದಂತೆ ತೋರುತ್ತದೆ. ಅದು ಸಾಲ. ಅವಧಿ ಮುಗಿದ ದಿನ ಪೂರ್ತಿ ಮರಳಿಸಬೇಕು. ಆ ಹಣದಲ್ಲಿ ಇನ್ನೊಂದು ಅಂತಸ್ತು ಎಬ್ಬಿಸಿ, ಆಮೇಲೆ ಒಬ್ಬನ ಹಣ ತೀರಿಸಲು ಇನ್ನೊಬ್ಬನನ್ನು ಹುಡುಕುವ ಪಾಡು ಬಡವನನ್ನು ಮುಳುಗಿಸುತ್ತದೆ.

ಎರಡನೆಯದು ಕರೆಂಟು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಮೇಲಿನ ಕೋಣೆಗೆ ಬೇರೆ ಮೀಟರು ಹಾಕಿಸದೆ, ಎರಡು ಸಂಸಾರ ಒಂದೇ ಮೀಟರಿನಲ್ಲಿ ಉರಿಸಿ 200 ಯೂನಿಟ್ ದಾಟಿಸಿದರೆ ಇಬ್ಬರಿಗೂ ನಷ್ಟ. ಬಿಲ್ಲು ಪೂರ್ತಿ ತೆರಬೇಕಾಗುತ್ತದೆ. ಇನ್ನು ಸರ್ಕಾರದಿಂದ ಸೊನ್ನೆ ಬಿಲ್ಲು ಪಡೆದು ಬಾಡಿಗೆದಾರನಿಂದ ಕರೆಂಟಿನ ದುಡ್ಡು ವಸೂಲು ಮಾಡುವ ಮನೆಯೊಡೆಯನಿದ್ದರೆ, ಅವನಿಗೂ ಹಳೆಯ ಕೊಳಗದ ಒಡೆಯನಿಗೂ ನಮಗೆ ವ್ಯತ್ಯಾಸ ಕಾಣುವುದಿಲ್ಲ.

ಮೂರನೆಯದು ಕಾಗದ. ಬರೆದುಕೊಟ್ಟರೆ, ರಶೀದಿ ಕೊಟ್ಟರೆ ಬಾಡಿಗೆದಾರನಿಗೆ ಹಕ್ಕು ಹುಟ್ಟುತ್ತದೆ, ಹನ್ನೆರಡು ವರ್ಷ ಕಳೆದರೆ ಮನೆಯೇ ಅವನದಾಗುತ್ತದೆ ಎಂಬ ಭಯ ಸಂತೆಯಲ್ಲೆಲ್ಲ ಹಬ್ಬಿದೆ. ಇದು ತಲೆಕೆಳಗಾದ ತಿಳಿವಳಿಕೆ. ಬಾಡಿಗೆಗೆಂದು ಒಳಗೆ ಬಂದವನು ಒಡೆಯನ ಒಪ್ಪಿಗೆಯಿಂದ ಬಂದವನು. ಬಾಡಿಗೆದಾರನಾಗಿ ಇರುವವರೆಗೆ, ತನ್ನನ್ನು ಒಳಗೆ ಬಿಟ್ಟವನು ಆಗ ಒಡೆಯನೇ ಆಗಿರಲಿಲ್ಲವೆಂದು ವಾದಿಸಲು ಸಾಕ್ಷ್ಯ ಕಾನೂನು ಅವನಿಗೆ ಅವಕಾಶ ಕೊಡುವುದಿಲ್ಲ. ಅವನು ಬಾಡಿಗೆದಾರನೆಂದು ತೋರಿಸುವ ಆಧಾರವೇ ಕರಾರು ಮತ್ತು ರಶೀದಿ. ಅಂದಮೇಲೆ ರಶೀದಿ ಒಡೆಯನನ್ನೂ ಕಾಯುತ್ತದೆ. ಬಾಯಿಮಾತಿನಲ್ಲಿ ಕೊಟ್ಟವನೇ ನಾಳೆ ನ್ಯಾಯಾಲಯದಲ್ಲಿ ಬರಿಗೈಯಲ್ಲಿ ನಿಲ್ಲುವವನು.

1999ರ ಕರ್ನಾಟಕ ಬಾಡಿಗೆ ಕಾಯಿದೆಯು ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಇಬ್ಬರ ನಡುವಣ ಕರಾರೂ ಆಧಾರ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು. ಹನ್ನೊಂದು ತಿಂಗಳ ಪತ್ರ ರೂಢಿಗೆ ಬಂದದ್ದು ಈ ಕಾರಣದಿಂದ. ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಕರೆಂಟು ಯಾರ ಪಾಲಿಗೆ, ಬಿಡುವ ಮೊದಲು ಎಷ್ಟು ದಿನ ತಿಳಿಸಬೇಕು, ದುರಸ್ತಿ ಯಾರದು, ಇವಿಷ್ಟನ್ನು ತಿಳಿಗನ್ನಡದಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಓದು ಬಾರದವರಿಗೆ ಓದಿ ಹೇಳಿ ಸಹಿ ಹಾಕಿಸಬೇಕು.

ಬಾಡಿಗೆದಾರನೇ ಮೋಸ ಮಾಡಿದರೆ? ಅಂಥವರಿಲ್ಲವೆಂದು ನಾವು ಹೇಳುವುದಿಲ್ಲ. ಮೂರು ತಿಂಗಳು ಬಾಡಿಗೆ ನಿಂತರೆ ಸೊಸೈಟಿಯ ಕಂತೂ ನಿಲ್ಲುತ್ತದೆ. ಆ ಸಂಕಟ ನಮಗೆ ಗೊತ್ತು. ದುಡಿಯುವವನಿಗೆ ಬಾಡಿಗೆ ಬಾಕಿ ಇಡುವವನು ಸಾಹುಕಾರನನ್ನೇನೂ ಸೋಲಿಸಿದಂತಾಗುವುದಿಲ್ಲ. ಆದರೂ ನೀರು ನಿಲ್ಲಿಸುವುದು, ಬೀಗ ಜಡಿಯುವುದು, ಪಾತ್ರೆಪಡಗ ಬೀದಿಗೆಸೆಯುವುದು ಸಲ್ಲದು. ಕರಾರಿನಲ್ಲಿ ಬೇರೆ ಹೇಳಿರದಿದ್ದರೆ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟೀಸು ಕಾನೂನಿನ ದಾರಿ. ಅದಕ್ಕೂ ಮಣಿಯದವನಿಗೆ ನ್ಯಾಯಾಲಯವಿದೆ. ಆ ದಾರಿ ನಿಧಾನವಾದುದರಿಂದಲೇ ಮೊದಲ ದಿನದ ಕಾಗದ ಮುಖ್ಯವೆಂದು ನಾವು ಹೇಳುವುದು.

ಕೊನೆಯದು ಎಲ್ಲಕ್ಕಿಂತ ಕಹಿಯಾದದ್ದು. ಮನೆ ಕೇಳಿಕೊಂಡು ಬಂದವನಿಗೆ ಬಾಗಿಲಲ್ಲೇ ಹಾಕುವ ಪ್ರಶ್ನೆ, "ನಿಮ್ಮದು ಯಾವ ಜನ?" ಉತ್ತರ ಹಿಡಿಸದಿದ್ದರೆ ಕೋಣೆ ಆಗಲೇ ಬೇರೆಯವರಿಗೆ ಗೊತ್ತಾಗಿದೆ ಎಂಬ ಸುಳ್ಳು. ಗಿರಣಿಯ ಗೇಟಿನ ಮುಂದೆ ಒಟ್ಟಿಗೆ ಘೋಷಣೆ ಕೂಗಿದವರು, ಒಂದೇ ಬುತ್ತಿಯಿಂದ ರೊಟ್ಟಿ ಮುರಿದವರು, ಮನೆಯ ಮೇಲೊಂದು ಕೋಣೆ ಎದ್ದ ಕೂಡಲೇ ಜಾತಿ ವಿಚಾರಿಸುವುದೆಂದರೇನು? ದಲಿತ ತರುಣನಿಗೆ, ಮುಸಲ್ಮಾನ ಸಂಸಾರಕ್ಕೆ, ಒಬ್ಬಳೇ ದುಡಿಯುವ ಹೆಣ್ಣುಮಗಳಿಗೆ ಈ ಊರಿನಲ್ಲಿ ಮನೆ ಸಿಗುವುದು ಎಷ್ಟು ಕಷ್ಟವೆಂದು ಅವರನ್ನೇ ಕೇಳಿ ನೋಡಿ. ಕೇಳಬೇಕಾದುದು ಎರಡೇ: ಏನು ಕೆಲಸ, ಎಷ್ಟು ಜನ ಇರುತ್ತೀರಿ. ಮೂರನೆಯದನ್ನು ಕೇಳುವವನು ಸಮಾಜವಾದದ ಮಾತನ್ನು ಸಭೆಗೆ ಮಾತ್ರ ಮೀಸಲಿಟ್ಟವನು.

ಪ್ರತಿ ವಾರ್ಡಿನಲ್ಲಿ ನಮ್ಮ ಇಬ್ಬರು ಕಾರ್ಯಕರ್ತರು ಕರಾರು ಬರೆದುಕೊಡುವ, ಸಾಕ್ಷಿ ಹಾಕುವ, ತಂಟೆ ಬಂದಾಗ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಕೆಲಸ ವಹಿಸಿಕೊಳ್ಳಬೇಕೆಂಬುದು ನಮ್ಮ ಸೂಚನೆ. ಇದಕ್ಕೆ ಹಣ ಬೇಡ. ಭಾನುವಾರದ ಎರಡು ಗಂಟೆ ಸಾಕು. ಜೊತೆಗೆ, ಮುಂಗಡಕ್ಕೆ ಎರಡು ತಿಂಗಳ ಮಿತಿ ಹಾಕುವ ಶಾಸನವನ್ನು ರಾಜ್ಯ ಸರ್ಕಾರ ತರಬೇಕೆಂದು ನಾವು ಒತ್ತಾಯಿಸುತ್ತೇವೆ. ಶಾಸನ ಬರುವ ಮೊದಲೇ ನಮ್ಮ ಸದಸ್ಯರು ತಮ್ಮ ಮನೆಗಳಲ್ಲಿ ಅದನ್ನು ಜಾರಿಗೆ ತರಲಿ. ಆಗ ಆ ಒತ್ತಾಯಕ್ಕೆ ಬಲ ಬರುತ್ತದೆ.